ಪಟ್ಟಿಯ ಮೊದಲ ಸಾಲು

ನಾನು ಬರೆದ ಮೊದಲ ಆಕ್ಸೆಸ್ ಲಿಸ್ಟಿನಲ್ಲಿ, ಅಂದರೆ ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕು ಎಂದು ಯಂತ್ರಕ್ಕೆ ಕೊಡುವ ಪಟ್ಟಿಯಲ್ಲಿ, ಇದ್ದದ್ದು ಒಂದೇ ಒಂದು ಸಾಲು. ಆ ಸಾಲಿನಲ್ಲಿ ಇದ್ದದ್ದು ನನಗೆ ಕೆಲಸ ಕಲಿಸಿದವರ ಮನೆಯ ನೆಟ್ಟಿನ ನಂಬರು. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಬರೆದರೆ ಮನಸ್ಸು ಹಗುರವಾಗುತ್ತದೆ ಎಂಬ ಆಸೆಯೇನೂ ಇಲ್ಲ. ಇನ್ನೆರಡು ವರ್ಷ ಸುಮ್ಮನಿದ್ದರೆ ನನ್ನ ತಪ್ಪನ್ನು ನಾನೇ ಬೇರೆ ಥರ ನೆನಪಿಟ್ಟುಕೊಂಡುಬಿಡುತ್ತೇನೆ, ಆ ಭಯಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಹಳ್ಳಿಗಳಿಗೆ ವೈರು ಎಳೆದು ಇಂಟರ್ನೆಟ್ ಕೊಡುವ ಸಣ್ಣ ವ್ಯವಹಾರ. ಆಫೀಸು ಶ್ರೀರಂಗಪಟ್ಟಣದಲ್ಲಿ. ಎಲ್ಲ ಊರುಗಳ ನೆಟ್ಟು ಹಾದುಹೋಗುವ ದೊಡ್ಡ ಪೆಟ್ಟಿಗೆ, ಅಂದರೆ ರೂಟರು, ಪಾಂಡವಪುರದಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ. ಕೆಲಸಕ್ಕಿದ್ದವರಲ್ಲಿ ಹಳಬರು ಒಬ್ಬರು, ಐವತ್ತು ದಾಟಿದವರು. ಕೇಬಲ್ ಟಿವಿ ಕಾಲದಿಂದ ಕಂಬ ಹತ್ತಿದವರು, ನನಗೆ ಕೆಲಸ ಕಲಿಸಿದವರೂ ಅವರೇ. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ರೂಟರ್ ರೂಮಿನ ಬೀಗದ ಕೈ ಅವರ ಉಡಿದಾರದಲ್ಲಿ ಇರುತ್ತಿತ್ತು. ಇನ್ನೊಂದು ಕೈ ಇರಲಿಲ್ಲ.

ನಾನು ನಾಗಮಂಗಲ ಕಡೆಯವನು. ಬಿ.ಎ. ಮಾಡಿದವನಿಗೆ ಕಂಪ್ಯೂಟರ್ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಕಲಿತದ್ದು. ಒಂದು ಸರ್ಟಿಫಿಕೇಟ್ ಪರೀಕ್ಷೆ ಇದೆ, ಅದನ್ನು ಪಾಸು ಮಾಡಿದರೆ ಜನ ನಮ್ಮನ್ನು ವೈರು ಎಳೆಯುವವನು ಎನ್ನುವುದಿಲ್ಲ, ಎಂಜಿನಿಯರ್ ಎನ್ನುತ್ತಾರೆ ಎಂದು ತಿಳಿದಿದ್ದೆ. ನಾಗಮಂಗಲದಿಂದ ಪಾಂಡವಪುರಕ್ಕೆ ಬರುವ ಬಸ್ಸಿನಲ್ಲಿ ಟಿಕೆಟಿನ ಹಿಂಬದಿಗೆ 128, 64, 32, 16 ಎಂದು ಬರೆದುಕೊಂಡು ಸೊನ್ನೆ ಒಂದುಗಳನ್ನು ಕೂಡಿಸುತ್ತಿದ್ದೆ. ಪಕ್ಕದಲ್ಲಿ ಕೂತವರು ಮಟ್ಕಾ ನಂಬರು ಎಂದುಕೊಂಡು ಕುತೂಹಲದಿಂದ ಬಗ್ಗಿ ನೋಡಿದ್ದೂ ಉಂಟು.

ನೆಟ್ಟಿಗೆ ಸೇರುವ ಪ್ರತಿ ಮನೆಗೂ ಒಂದು ನಂಬರು ಬೇಕು. ಸಬ್‌ನೆಟ್ಟಿಂಗ್ ಎಂದರೆ ಆ ನಂಬರುಗಳನ್ನು ಹಂಚುವ ಲೆಕ್ಕ, ಅಷ್ಟೆ. ಒಂದು ಊರಿಗೆ ಇನ್ನೂರ ಐವತ್ತಾರು ನಂಬರು ಕೊಟ್ಟಿದ್ದೀರಿ ಎನ್ನಿ. ಅದನ್ನು ಹಾಗೇ ಬಿಟ್ಟರೆ ಊರೆಲ್ಲ ಒಂದೇ ಗುಂಪು, ಒಂದು ಮನೆಯ ಗಲಾಟೆ ಎಲ್ಲರ ಮನೆಗೂ ಕೇಳಿಸುತ್ತದೆ. ನಾಲ್ಕು ಭಾಗ ಮಾಡಿದರೆ ಒಂದೊಂದರಲ್ಲಿ ಅರವತ್ನಾಲ್ಕು. ಸೊನ್ನೆಯಿಂದ ಒಂದು ಬೀದಿ, ಅರವತ್ನಾಲ್ಕರಿಂದ ಇನ್ನೊಂದು, ನೂರ ಇಪ್ಪತ್ತೆಂಟರಿಂದ ಮತ್ತೊಂದು. ಇದು ತಲೆಗೆ ಹತ್ತಿದ ದಿನ ನನಗಾದ ಖುಷಿಯನ್ನು ಹೇಗೆ ಹೇಳುವುದು! ಎರಡು ತಿಂಗಳು ಗೋಡೆಗೆ ತಲೆ ಚಚ್ಚಿಕೊಂಡವನಿಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲವೂ ಸಲೀಸಾಗಿ ಕಾಣಿಸಿತು. ಇಳಿದವನೇ ಓಡಿಹೋಗಿ ಟೀ ಅಂಗಡಿಯಲ್ಲಿ ಕೂತಿದ್ದ ಅಣ್ಣನಿಗೆ ವಿವರಿಸಿದೆ. ಅವರು ಗ್ಲಾಸು ಕೆಳಗಿಟ್ಟು ಗಮನವಿಟ್ಟು ಕೇಳಿದರು.

"ಅರವತ್ನಾಲ್ಕು ಅಂತೀಯ, ಅರವತ್ತೆರಡೇ ಬಳಸ್ಕೊಬೋದು ಅಂತೀಯ. ಇನ್ನೆಲ್ಡು ಎಲ್ಲೋದೋ?"

"ಮೊದಲ್ನೇದು ಆ ಬೀದಿ ಹೆಸ್ರಿದ್ದಂಗೆ ಅಣ್ಣ, ಯಾರ್ಗೂ ಕೊಡಂಗಿಲ್ಲ. ಕೊನೇದು ಬೀದಿಗೆಲ್ಲ ಒಟ್ಗೆ ಸಾರಕ್ಕೆ."

"ಸಾರಕ್ಕೆ ಅಂತ ಒಂದು ನಂಬ್ರ ಯಾಕ್ಲಾ ದಂಡ ಮಾಡ್ತೀಯ? ನಮ್ಮೂರಲ್ಲಿ ಒಬ್ರಿಗೆ ಯೋಳುದ್ರೆ ಸಾಕು, ಬೀದಿಗೆಲ್ಲ ಗೊತ್ತಾಯ್ತದೆ."

ಟೀ ಅಂಗಡಿಯವನೂ ನಕ್ಕ. ಅಣ್ಣ ಮಾತ್ರ ಕೊನೆಗೆ ನನ್ನ ಬೆನ್ನು ತಟ್ಟಿ, "ಕಲ್ತ್ಕೊ ಮಗ, ನಂಗಂತೂ ಇದು ಅತ್ತನಿಲ್ಲ" ಎಂದರು.

ಅವರದು ಬೇರೆಯೇ ವಿದ್ಯೆ. ಹಳ್ಳಿಯಲ್ಲಿ ಹತ್ತಿಪ್ಪತ್ತು ಮನೆಗೆ ಒಂದು ಡಬ್ಬ ಬೇಕು. ರೂಟರಿನಿಂದ ಬಂದ ವೈರು ಅಲ್ಲಿಗೆ ಬಂದು ಮನೆಮನೆಗೆ ಒಡೆಯುತ್ತದೆ. ಆ ಡಬ್ಬಕ್ಕೆ ಕರೆಂಟು ಬೇಕು. ಕಂಬದ ಮೇಲೆ ಕರೆಂಟು ಕೊಡುವವರು ಯಾರು? ಯಾರದಾದರೂ ಮನೆಯ ಗೋಡೆಗೆ ಡಬ್ಬ ಹೊಡೆದು ಅವರ ಪ್ಲಗ್ಗಿನಿಂದಲೇ ಕರೆಂಟು ತಗೊಳ್ಳಬೇಕು. ಅಣ್ಣ ಹೊಸ ಊರಿಗೆ ಹೋದರೆ ಮೊದಲ ದಿನ ವೈರು ಬಿಚ್ಚುತ್ತಲೇ ಇರಲಿಲ್ಲ. ಜಗಲಿಯಿಂದ ಜಗಲಿಗೆ ಹೋಗಿ ಕೂರುತ್ತಿದ್ದರು. ಕಾಫಿ ಕುಡಿಯುತ್ತಿದ್ದರು. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರ ಹಸು ಕರು ಹಾಕಿತು, ಇಂಥವೇ ಮಾತು. ಸಂಜೆಗೆ ಎದ್ದು, ಈ ಮನೆಗೆ ಡಬ್ಬ, ಆ ಮನೆಗೆ ಹಿಂದಿನ ಬೀದಿಯಿಂದ ವೈರು ಎನ್ನುತ್ತಿದ್ದರು. ಎದುರಿಗೇ ಡಬ್ಬ ಇದ್ದರೂ ಕೆಲವು ಮನೆಗೆ ಊರು ಸುತ್ತಿ ವೈರು ಬರುತ್ತಿತ್ತು. ಇದೆಂಥ ಮೊದ್ದು ಕೆಲಸ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ನಂಬರುಗಳೂ ಹಾಗೇ, ಅಡ್ಡಾದಿಡ್ಡಿ. ಪುಸ್ತಕದಲ್ಲಿ ಬರೆದಿಟ್ಟವರಲ್ಲ, ಎಲ್ಲ ತಲೆಯಲ್ಲಿ.

ಮಾಲೀಕರಿಗೆ ನನ್ನ ಉತ್ಸಾಹ ಇಷ್ಟವಾಯಿತು. ಬೆಳಗೊಳದ ಆಚೆಯ ಒಂದು ಊರನ್ನು ತೋರಿಸಿ, "ಇದೊಂದ ನಿನ್ ಲೆಕ್ಕದಂಗೆ ಮಾಡಿ ತೋರ್ಸು. ಸರಿಯೋದ್ರೆ ಮಿಕ್ಕಿದ್ದೂ ನಿಂಗೇ" ಎಂದರು. ನಾನು ಕಂಪ್ಯೂಟರಿನಲ್ಲಿ ಊರಿನ ನಕ್ಷೆ ಬರೆದು ನಾಲ್ಕು ಬಣ್ಣ ತುಂಬಿದೆ. ಒಂದು ಬೀದಿಗೆ ಒಂದು ಡಬ್ಬ, ಒಂದು ಡಬ್ಬಕ್ಕೆ ಒಂದು ಅರವತ್ನಾಲ್ಕು. ಊರು ಸುತ್ತುವ ವೈರುಗಳೆಲ್ಲ ರದ್ದು. ಅದನ್ನು ಆಫೀಸಿನಲ್ಲಿ ಹಾಕಿ ತೋರಿಸುವಾಗ ಅಣ್ಣನೂ ಇದ್ದರು. ಒಂದು ಕಡೆ ಬೆರಳಿಟ್ಟರು.

"ಈ ಮನೆ ಈ ಡಬ್ಬಕ್ಕೆ ಬರಕಿಲ್ಲ ಕಣ್ಲಾ."

"ಯಾಕ್ ಬರಲ್ಲ ಅಣ್ಣ? ಹನ್ನೆರಡು ಮೀಟ್ರು ಇಲ್ಲ."

ಅವರು ಮಾಲೀಕರ ಮುಖ ನೋಡಿದರು, ನನ್ನ ಮುಖ ನೋಡಿದರು. "ಮೀಟ್ರಲ್ಲ ಕಣೋ... ಬುಡು, ಮಾಡು" ಎಂದು ಹೊರಗೆ ಹೋದರು. ಒಬ್ಬರ ಮನೆಯ ವಿಷಯವನ್ನು ಇನ್ನೊಬ್ಬರ ಮುಂದೆ ಆಡುವ ಅಭ್ಯಾಸ ಅವರಿಗಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ. ಹೊರಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಲೆಕ್ಕ ಗೊತ್ತಿಲ್ಲದವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಮೂರು ದಿನ ಕೂತು ಊರನ್ನೆಲ್ಲ ಬದಲಿಸಿದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮೇಲಿನ ಬೀದಿಯ ಡಬ್ಬ ದಿನಾ ಸಂಜೆ ಆರಕ್ಕೆ ಸಾಯುವುದು, ಒಂಬತ್ತಕ್ಕೆ ಬದುಕುವುದು ಶುರುವಾಯಿತು. ಆ ಬೀದಿಯ ಹತ್ತೊಂಬತ್ತು ಮನೆಗೂ ನೆಟ್ಟಿಲ್ಲ. ಹಗಲು ಹೊತ್ತು ಮೂರು ಸಲ ಹೋದೆ. ಹೋದಾಗೆಲ್ಲ ಡಬ್ಬದ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಡಬ್ಬ ಇದ್ದ ಮನೆಯಾಕೆ, "ನಮ್ಗೇನ್ ಗೊತ್ತಪ್ಪ, ಮಿಷೀನು" ಎನ್ನುತ್ತಿದ್ದರು. ಅಡಾಪ್ಟರ್ ಬದಲಿಸಿದೆ. ಅಲ್ಲಿಗೆ ಸರಿಹೋಯಿತು. ಅಡಾಪ್ಟರೇ ಕೆಟ್ಟಿತ್ತು ಎಂದು ಮಾಲೀಕರಿಗೆ ಎದೆಯುಬ್ಬಿಸಿ ವರದಿ ಕೊಟ್ಟೆ.

ಹದಿನೈದು ದಿನದ ಮೇಲೆ ರೂಟರಿನೊಳಗೆ ಕಣ್ಣಾಡಿಸುವಾಗ ನನ್ನ ಲೆಕ್ಕಕ್ಕೆ ಸೇರದ ಎರಡು ನಂಬರು ಕಂಡವು. ಮೇಲಿನ ಬೀದಿಯ ಎರಡು ಮನೆಗೆ ಯಾರೋ ಹಳೆಯ ನಂಬರು ವಾಪಸು ಕೊಟ್ಟಿದ್ದರು, ಹಿಂದಿನ ಬೀದಿಯ ಡಬ್ಬಕ್ಕೆ ಸೇರಿಸಿದ್ದರು. ಯಾರು? ರೂಟರು ಒಳಗೆ ಬಂದವರ ಹೆಜ್ಜೆ ಬರೆದಿಡುತ್ತದೆ. ಅದನ್ನು ಓದುವುದನ್ನು ಹಿಂದಿನ ವಾರವಷ್ಟೇ ಕಲಿತಿದ್ದೆ. ನೋಡಿದೆ. 10.20.4.10. ಅಣ್ಣನ ಮನೆಯ ನಂಬರು. ಮನೆಯಿಂದಲೇ ಒಳಗೆ ಬಂದು ಬದಲಿಸಿದ್ದರು.

ಇಲ್ಲಿ ನಾನು ಮಾಡಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಅಣ್ಣನನ್ನು ಕೇಳಲಿಲ್ಲ. ಪತ್ತೆ ಹಚ್ಚಿದ ಖುಷಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ಮಾಲೀಕರ ಮುಂದೆ ಇಟ್ಟೆ. ನೋಡಿ ಸಾ, ಇಷ್ಟು ಗಂಟೆಗೆ ಬಂದವ್ರೆ, ಇದನ್ನ ಬದಲಾಯಿಸವ್ರೆ ಎಂದು ಒಂದೊಂದೇ ಸಾಲು ಓದಿ ಹೇಳಿದೆ.

ಮಾಲೀಕರ ಮುಖ ಕೆಂಪಗಾಯಿತು. "ನಂಗೆ ಒಂದ್ ಮಾತ್ ಯೋಳ್ದೆ? ಒಂದ್ ಮನ್ಗೆ ಎಷ್ಟ್ ಜನ ಯಜಮಾನ್ರು? ಅವ್ರು ಇನ್ಮೇಲೆ ಅದ್ರೊಳಿಕ್ಕೆ ಬರಂಗಿಲ್ಲ. ಅದೇನೋ ಲಿಸ್ಟು ಅಂತಿದ್ದಲ್ಲ, ಆಕು. ಸಂಜೆ ಒಳ್ಗೆ ಆಗಿರ್ಬೇಕು."

ಆಕ್ಸೆಸ್ ಲಿಸ್ಟ್ ಎಂದರೆ ರೂಟರಿಗೆ ಕೊಡುವ ಪಟ್ಟಿ. ಇವನನ್ನು ಬಿಡು, ಇವನನ್ನು ತಡೆ ಎಂದು ಸಾಲು ಸಾಲಾಗಿ ಬರೆಯಬೇಕು. ರೂಟರು ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲೇ ತೀರ್ಪು, ಮುಂದಿನದನ್ನು ನೋಡುವುದಿಲ್ಲ. ಪುಸ್ತಕದಲ್ಲಿ ಹತ್ತಾರು ಪಟ್ಟಿ ಬರೆದಿದ್ದೆ. ನಿಜವಾದ ರೂಟರಿಗೆ ಒಂದನ್ನೂ ಬರೆದಿರಲಿಲ್ಲ. ಅಣ್ಣನ ವಿಷಯಕ್ಕೆ ಬೇಸರವಾಗಲಿಲ್ಲವೇ ಎಂದರೆ, ಆಯಿತು. ಆದರೆ ಬೇಸರಕ್ಕಿಂತ ಒಂದು ಕೂದಲಿನಷ್ಟು ಹೆಚ್ಚಾಗಿ, ಕಲಿತದ್ದನ್ನು ಬಳಸುವ ದಿನ ಬಂತಲ್ಲ ಎಂಬ ಉಮೇದು.

ಮಧ್ಯಾಹ್ನ ಊಟವಾದ ಮೇಲೆ ಶ್ರೀರಂಗಪಟ್ಟಣದ ಆಫೀಸಿನಲ್ಲಿ ಕೂತು ಒಂದು ಸಾಲು ಬರೆದೆ. ಡಿನೈ, ಅಂದರೆ ತಡೆ, ಆಮೇಲೆ ಅಣ್ಣನ ನಂಬರು. ಅದನ್ನು ಊರುಗಳ ಕಡೆಯಿಂದ ಬರುವ ದಾರಿಗೆ ಹಾಕಿದೆ. ಎಂಟರ್ ಒತ್ತಿದೆ.

ಪರದೆ ನಿಂತುಹೋಯಿತು. ಇನ್ನೊಂದು ಅಕ್ಷರ ಒತ್ತಿದೆ. ಬರಲಿಲ್ಲ. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡಿತು. ಬೆಳಗೊಳದಿಂದ. ಅದನ್ನು ಇಡುವ ಮೊದಲು ಇನ್ನೊಂದು. ನನ್ನ ಮೊಬೈಲಿಗೆ ಮೂರು.

ಯಾವ ಪಟ್ಟಿಯ ಕೊನೆಗೂ ಕಣ್ಣಿಗೆ ಕಾಣದ ಒಂದು ಸಾಲು ಇರುತ್ತದೆ. ಮೇಲೆ ಹೆಸರು ಬರೆಯದವರೆಲ್ಲರಿಗೂ ತಡೆ, ಎಂದು. ಮಿಕ್ಕವರನ್ನು ಬಿಡು ಎಂದು ನಾವೇ ಬರೆಯದಿದ್ದರೆ ಒಬ್ಬನನ್ನು ತಡೆಯಲು ಹೊರಟ ಪಟ್ಟಿ ಎಲ್ಲರನ್ನೂ ತಡೆಯುತ್ತದೆ. ನೋಟ್ ಪುಸ್ತಕದಲ್ಲಿ ಇದನ್ನು ಕೆಂಪು ಪೆನ್ನಿನಲ್ಲಿ ಮೂರು ಕಡೆ ಬರೆದುಕೊಂಡಿದ್ದೆ. ಈಗ ಅಷ್ಟೂ ಹಳ್ಳಿ ಕತ್ತಲು. ಆಫೀಸೂ ಅದೇ ದಾರಿಯಲ್ಲಿ ಇದ್ದದ್ದರಿಂದ ನಾನೂ ಹೊರಗೆ. ರೂಟರಿನ ಎದುರು ಹೋಗಿ ವೈರು ಚುಚ್ಚಿಯೇ ಸರಿಮಾಡಬೇಕು. ರೂಮಿನ ಬೀಗದ ಕೈ ಅಣ್ಣನ ಸೊಂಟದಲ್ಲಿ.

ಫೋನು ಮಾಡಿದೆ. "ಅಣ್ಣ, ರೂಟರ್ ರೂಮಿಗೆ ಬನ್ನಿ. ನಾನೇ ಏನೋ ಮಾಡ್ಬುಟ್ಟೆ. ಎಲ್ಲಾ ಊರೂ ಹೋಗದೆ."

"ಆಯ್ತು, ಬತ್ತೀನಿ. ನೀ ನಿದಾನ್ಕೆ ಬಾ. ಗಾಡಿ ಜೋರಾಗ್ ಓಡಿಸ್ಬ್ಯಾಡ."

ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಪಾಂಡವಪುರ ಮುಟ್ಟುವಷ್ಟರಲ್ಲಿ ನನ್ನ ಫೋನಿನ ಬ್ಯಾಟರಿಯೇ ಖಾಲಿಯಾಗಿತ್ತು. ಅಣ್ಣ ಬಾಗಿಲು ತೆಗೆದಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಹೋದೆವು. ಕೆಳಗಿನ ಅಂಗಡಿಯ ಗೊಬ್ಬರದ ವಾಸನೆ ಆ ರೂಮಿಗೆ ಯಾವಾಗಲೂ ಇರುತ್ತದೆ. ರೂಟರಿಗೆ ನೀಲಿ ವೈರು ಚುಚ್ಚಿ ಲ್ಯಾಪ್‌ಟಾಪ್ ತೆರೆದೆ. ಅಣ್ಣ ಹಿಂದೆ ನಿಂತು ಕನ್ನಡಕ ಹಾಕಿಕೊಂಡರು. ಪರದೆಯ ಮೇಲೆ ಪಟ್ಟಿ ಬಂತು. ಒಂದೇ ಸಾಲಲ್ಲವೇ, ಮುಚ್ಚಿಡುವುದಕ್ಕೆ ಏನಿದೆ.

ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ನಂಬರು ಗೊತ್ತು. ಮೊಟ್ಟಮೊದಲು ಪರೀಕ್ಷೆಗೆ ಅಂತ ವೈರು ಎಳೆದದ್ದೇ ಅವರ ಮನೆಗೆ. ಬೆರಳಿಟ್ಟು ಓದಿದರು.

"ಇದು ನಮ್ಮನೇದಲ್ವೇನ್ಲಾ?"

"ಊ ಅಣ್ಣ."

"ಓನರ್ ಯೋಳುದ್ರಾ?"

"ಊ. ಆದ್ರೆ ಅವ್ರಿಗೆ ತೋರ್ಸಿದ್ದು ನಾನೇ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. "ಮೊದ್ಲು ಜನಕ್ಕೆ ಬುಡು" ಎಂದರು. ಪಟ್ಟಿ ತೆಗೆದೆ. ದೀಪಗಳೆಲ್ಲ ಒಟ್ಟಿಗೆ ಮಿನುಗತೊಡಗಿದವು. ಅವರ ಫೋನಿಗೆ ಬರುತ್ತಿದ್ದ ಕರೆಗಳು ಒಂದೊಂದಾಗಿ ನಿಂತವು.

ಆಮೇಲೆ ಅವರೇ ಹೇಳಿದರು, ಯಾರೋ ಮೂರನೆಯವರ ಸುದ್ದಿ ಹೇಳುವ ಹಾಗೆ. ಮೇಲಿನ ಬೀದಿಯಲ್ಲಿ ನಾನು ಡಬ್ಬ ಇಟ್ಟ ಮನೆ ಇಬ್ಬರು ಒಡಹುಟ್ಟಿದವರಲ್ಲಿ ದೊಡ್ಡವನದು, ಹನ್ನೆರಡು ಮೀಟರಿನ ಮನೆ ತಮ್ಮನದು, ಅದರ ಮಗ್ಗುಲಿನದು ತಮ್ಮನ ಮಾವನದು. ಪಾಲಾದ ಮೇಲೆ ಬದುವಿನ ಜಗಳ, ಮಾತು ನಿಂತು ಏಳೆಂಟು ವರ್ಷ. ತಮ್ಮನ ಮಗಳು ಸಂಜೆ ಆರಕ್ಕೆ ಫೋನಿನಲ್ಲಿ ಪಾಠ ಕೇಳುತ್ತಾಳೆ. ಅದು ಗೊತ್ತಾದ ದಿನದಿಂದ ದೊಡ್ಡವನ ಮನೆಯಾಕೆ ಆರಕ್ಕೆ ಸರಿಯಾಗಿ ಪ್ಲಗ್ಗು ಕೀಳುತ್ತಿದ್ದರು.

"ನಮ್ ಕರೆಂಟಲ್ಲಿ ಅವ್ರ್ ಮಗ್ಳು ಓದದಾ ಅಂತ ಕೇಳ್ತು ಆವಮ್ಮ. ನಾ ಏನ್ ಯೋಳ್ಲಿ? ಎಲ್ಡ್ ಮನೆ ವೈರ ಮೊದ್ಲಿದ್ದಂಗೆ ಇಂದ್ಗಡೆ ಬೀದಿಗ್ ಆಕ್ದೆ. ಅವತ್ತಿಂದ ಕಿತ್ತಿಲ್ಲ ನೋಡು."

"ನಂಗ್ಯಾಕೆ ಹೇಳ್ಲಿಲ್ಲ ಅಣ್ಣ?"

"ಅಡಾಪ್ಟ್ರು ಅಂತ ಅಷ್ಟೊಂದ್ ಕುಸಿಯಾಗಿದ್ದೆ ನೀನು" ಎಂದರು. ನಗಿಸಲಿಕ್ಕೆ ಹೇಳಿದರೇನೋ. ನನಗೆ ನಗು ಬರಲಿಲ್ಲ.

ಆಮೇಲೆ ಪರದೆಗೆ ಬೆರಳು ತೋರಿಸಿ, "ಈಗ ಅದ ಸರಿಯಾಗ್ ಬರಿ" ಎಂದರು.

"ಬ್ಯಾಡ ಅಣ್ಣ."

"ಬರಿಲಾ. ಸಾಯಂಕಾಲ ಕೇಳ್ತಾರೆ. ನೀ ಮಾಡ್ನಿಲ್ಲ ಅಂದ್ರೆ ಇನ್ನೊಬ್ಬನ ಕೈಲಿ ಮಾಡಿಸ್ತಾರೆ. ಅವ್ನು ನಮ್ಮನೆ ನೆಟ್ಟನ್ನೂ ತೆಗ್ದಾಕ್ತಾನೆ. ನೀ ಬರುದ್ರೆ ನಮ್ಮನೇಲಿ ನೆಟ್ ಬತ್ತದಾ, ಇಲ್ವಾ?"

ನಾನು ಬರೆದ ರೀತಿಯಲ್ಲಿ ಬರುತ್ತಿರಲಿಲ್ಲ. ಅವರೊಬ್ಬರಿಗೆ ರೂಟರಿನ ಬಾಗಿಲು ಮುಚ್ಚಲು ಹೋಗಿ, ಅವರ ಮನೆಯ ರಸ್ತೆಯನ್ನೇ ಅಗೆದಿದ್ದೆ. ಪಟ್ಟಿಯನ್ನು ದಾರಿಗೆ ಹಾಕಬಾರದು, ರೂಟರಿನೊಳಗೆ ಬರುವ ಬಾಗಿಲಿಗಷ್ಟೇ ಹಾಕಬೇಕು ಎಂದು ವಿವರಿಸಿದೆ. ಟೀ ಅಂಗಡಿಯಲ್ಲಿ ಕೇಳಿದ ಹಾಗೇ ಗಮನವಿಟ್ಟು ಕೇಳಿದರು. "ಊ, ಬಾಗ್ಲಿಗೇ ಆಕು" ಎಂದರು. ಮೊದಲ ಸಾಲು, ಅವರ ನಂಬರಿಗೆ ತಡೆ. ಎರಡನೆಯ ಸಾಲು, ಮಿಕ್ಕವರೆಲ್ಲರನ್ನೂ ಬಿಡು. ಅವರ ನಂಬರನ್ನು ಎರಡು ಸಲ ತಪ್ಪಾಗಿ ಹೊಡೆದೆ. ಅವರೇ ಒಂದೊಂದೇ ಅಂಕಿ ಹೇಳಿದರು.

ಅಷ್ಟಾದ ಮೇಲೆ ಮನೆಗೆ ಫೋನು ಮಾಡಿ ಮಗಳನ್ನು ಕೇಳಿದರು. "ನೆಟ್ ಬತ್ತಾ ಅದೇನವ್ವ?" ನನ್ನ ಕಡೆ ತಿರುಗಿ ತಲೆಯಾಡಿಸಿದರು. "ಬತ್ತಾ ಅದಂತೆ. ಸರಿಯಾಗ್ ಬರ್ದಿದೀಯ. ಸೇವ್ ಮಾಡು."

ಸೇವ್ ಮಾಡಿದೆ. ಅವರು ಉಡಿದಾರದಿಂದ ಬೀಗದ ಕೈ ಬಿಚ್ಚಿ ರೂಟರಿನ ಪಕ್ಕ ಇಟ್ಟರು. "ಎಲ್ಡಿಲ್ಲ, ಜೋಪಾನ" ಎಂದು ಮೆಟ್ಟಿಲಿಳಿದರು.

ಇನ್ನೂ ಹತ್ತು ದಿನ ಬಂದರು. ಕಂಬ ಹತ್ತಿದರು, ವೈರು ಕಟ್ಟಿದರು. ಮಾಲೀಕರು ಅವರ ಹತ್ತಿರ ಆ ವಿಷಯ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ದೊಡ್ಡವನ ಮನೆಯ ಪ್ಲಗ್ಗಿನ ಕಥೆಯನ್ನು ನಾನಾದರೂ ಮಾಲೀಕರಿಗೆ ಹೇಳಬೇಕಿತ್ತು. ದಿನಾ ನಾಳೆ ಎಂದುಕೊಂಡೆ. ಹನ್ನೊಂದನೆಯ ದಿನ ಅವರು ಬರಲಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ಅಂಗಡಿಗಳಿಗೆ ಕ್ಯಾಮೆರಾ ಕಟ್ಟುವವರ ಜೊತೆ ಸೇರಿದರಂತೆ ಎಂದು ತಿಳಿಯಿತು. ಆಮೇಲೆ ಹೇಳಿದೆ. ಮಾಲೀಕರು, "ಅಂಗಿದ್ರೆ ಅವ್ರೇ ಯೋಳ್ಬೋದಾಗಿತ್ತಲ್ಲ" ಎಂದರು.

ಪರೀಕ್ಷೆಯನ್ನು ಮೈಸೂರಿನಲ್ಲಿ ಬರೆದೆ. ಪಾಸಾದೆ. ಒಂದೇ ಸಾಲಿನ ಪಟ್ಟಿ ಕೊಟ್ಟು ಮಿಕ್ಕವರ ಗತಿಯೇನು ಎಂಬ ಪ್ರಶ್ನೆ ಅದರಲ್ಲೂ ಇತ್ತು. ಓದಿ ಮುಗಿಸುವ ಮೊದಲೇ ಉತ್ತರ ಒತ್ತಿದೆ. ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಈಗ ನನ್ನನ್ನು ಎಂಜಿನಿಯರ್ ಎನ್ನುತ್ತಾರೆ.

ಒಂದು ಭಾನುವಾರ ಬೆಳ್ಳೂರು ಕ್ರಾಸಿಗೆ ಹೋಗಿದ್ದೆ. ಅಣ್ಣ ಒಂದು ಹೋಟೆಲಿನ ಮುಂದೆ ಏಣಿಯ ಮೇಲಿದ್ದರು. ಇಳಿದು ಬಂದು ಟೀ ಕೊಡಿಸಿದರು. ವಾಪಸು ಬನ್ನಿ, ಮಾಲೀಕರ ಹತ್ತಿರ ನಾನು ಮಾತಾಡುತ್ತೇನೆ ಎಂದೆ.

"ಪಟ್ಟೀಲಿ ನನ್ ಸಾಲು ಇನ್ನೂ ಅದೆಯೇನ್ಲಾ?"

"ಅದೆ ಅಣ್ಣ. ಇವತ್ತೇ ತೆಗೀತೀನಿ."

"ಬ್ಯಾಡ ಬುಡು. ತೆಗೆಯಕ್ಕೋಗಿ ಊರೆಲ್ಲ ಕೆಡವ್ಬುಟ್ಟಿಯ" ಎಂದು ನಕ್ಕರು. ಗ್ಲಾಸು ಇಟ್ಟು ಮತ್ತೆ ಏಣಿ ಹತ್ತಿದರು. ನಾನು ಸ್ವಲ್ಪ ಹೊತ್ತು ಏಣಿ ಹಿಡಿದುಕೊಂಡಿದ್ದೆ. ಬಸ್ಸು ಬಂತು ನೋಡು ಎಂದರು, ಹೊರಟೆ.

ಮೊನ್ನೆ ಕೆ.ಆರ್. ಪೇಟೆ ಕಡೆಗೆ ಹೊಸ ಲೈನು ತೆಗೆದುಕೊಂಡು ಹೋದೆವು. ಹೊಸಹೊಳಲು ದಾಟಿ ಒಂದು ಊರು. ಮೂವತ್ತೊಂದು ಮನೆ, ಎರಡು ಡಬ್ಬ, ನಂಬರು ಲೆಕ್ಕವೆಲ್ಲ ಸಿದ್ಧ. ಡಬ್ಬ ಇಡಲು ಮನೆ ಸಿಗಲಿಲ್ಲ. ಮೊದಲ ಮನೆಯಲ್ಲಿ ಯಜಮಾನರನ್ನು ಕೇಳಬೇಕು ಎಂದರು. ಎರಡನೆಯ ಮನೆಯಲ್ಲಿ ಪ್ಲಗ್ಗಿಲ್ಲ ಎಂದರು, ಪ್ಲಗ್ಗು ನನಗೆ ಕಾಣುತ್ತಲೇ ಇತ್ತು. ಮೂರನೆಯ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಡಬ್ಬ ತೋರಿಸಿ ಕೇಳಿದೆ.

"ಮೊದ್ಲು ಟಿವಿ ವೈರ್ ತಕ್ಕಂಡ್ ಬತ್ತಿದ್ರಲ್ಲ ಆವಯ್ಯ, ಅವ್ರೆಲ್ಲಪ್ಪ?"

"ಅವ್ರು ಕೆಲ್ಸ ಬಿಟ್ರು ಅಜ್ಜಿ."

"ಯಾಕ್ ಬುಟ್ರು?"

ನಾನು ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಅಜ್ಜಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

"ಅವ್ರ ಕರ್ಕಂಡ್ ಬಾಪ್ಪ. ಅವ್ರು ಯೋಳುದ್ರೆ ಮಡಗುಸ್ಕತೀನಿ."

ಡಬ್ಬವನ್ನು ಚೀಲಕ್ಕೆ ಹಾಕಿಕೊಂಡೆ. ವೈರಿನ ಸುರುಳಿ ಇನ್ನೂ ಊರ ಮುಂದಿನ ಕಂಬದ ಬುಡದಲ್ಲೇ ಇದೆ.